ಅಮ್ಮ ಬೀಡಿ ಕಟ್ಟುತ್ತಲೇ ‘ಕೆಲಸ ಇಲ್ಲ’ ಅಂದರು: ಸಮಾಜಶಾಸ್ತ್ರ ಎಲ್ಲಿಂದ ಶುರು ಮಾಡಲಿ?

ನೇತ್ರಾವತಿ ದಡ

ಎಲ್ಲರಿಗೂ ನಮಸ್ತೆ. ನಾನು ಮಂಗಳೂರಿನಲ್ಲಿ ಮೊದಲ ವರ್ಷದ ಬಿಎ ಓದುತ್ತಿದ್ದೇನೆ. ಮನೆ ಬಂಟ್ವಾಳ ಕಡೆ. ಪಿಯುಸಿಯಲ್ಲಿ ಕಾಮರ್ಸ್ ಇತ್ತು. ಹಾಗಾಗಿ ಸಮಾಜಶಾಸ್ತ್ರ ನನಗೆ ಪೂರ್ತಿ ಹೊಸದು. ಪಾತ್ರ, ಅಂತಸ್ತು, ಸಂಸ್ಥೆ, ರೂಢಿ ಅಂತ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ್ದೇನೆ. ಕೇಳಿದರೆ ಹೇಳಬಲ್ಲೆ. ಆದರೆ ಈ ವಿಷಯ ನಿಜಕ್ಕೂ ಏನು ಮಾಡುತ್ತದೆ ಅಂತ ಇನ್ನೂ ಗೊತ್ತಾಗಿಲ್ಲ.

ಒಂದು ಚಿಕ್ಕ ಅಧ್ಯಯನ ಮಾಡಿಕೊಂಡು ಬರಲು ಹೇಳಿದ್ದಾರೆ. ನಾನು ‘ನಮ್ಮೂರಿನ ಮಹಿಳೆಯರ ಉದ್ಯೋಗ’ ಅಂತ ಆರಿಸಿಕೊಂಡೆ. ಇಪ್ಪತ್ತು ಪ್ರಶ್ನೆ ಬರೆದು, ನಮ್ಮ ಮನೆಯೂ ಸೇರಿ ಎಂಟು ಮನೆಗೆ ಹೋದೆ. ಮೊದಲ ಪ್ರಶ್ನೆ, ‘ನೀವು ಉದ್ಯೋಗದಲ್ಲಿದ್ದೀರಾ?’ ಎಂಟರಲ್ಲಿ ಆರು ಜನ ಇಲ್ಲ ಅಂದರು. ಆ ಆರರಲ್ಲಿ ನನ್ನ ಅಮ್ಮನೂ ಒಬ್ಬರು. ನಾನು ತುಳುವಿನಲ್ಲೇ ‘ಬೇಲೆಗ್ ಪೋಪರಾ?’ (ಕೆಲಸಕ್ಕೆ ಹೋಗುತ್ತೀರಾ?) ಅಂತ ಕೇಳಿದೆ. ‘ಇಜ್ಜಿ, ಇಲ್ಲಡೇ ಉಲ್ಲೆ’ (ಇಲ್ಲ, ಮನೆಯಲ್ಲೇ ಇದ್ದೇನೆ) ಅಂದರು. ಹಾಗೆ ಹೇಳುವಾಗ ಅವರ ಮಡಿಲಲ್ಲಿ ತಡ್ಪೆ (ಮೊರ) ಇತ್ತು, ಕೈಯಲ್ಲಿ ಬೀಡಿ ಇತ್ತು. ನನ್ನ ಕಾಲೇಜು ಫೀಸು ಕಟ್ಟಿದ್ದು ಆ ಬೀಡಿಯ ದುಡ್ಡಿನಲ್ಲಿ.

‘ಇಲ್ಲ’ ಅಂತ ಟಿಕ್ ಹಾಕಲು ಕೈ ಬರಲಿಲ್ಲ. ನಾನು ಎಲ್ಲಿ ತಪ್ಪಿದೆ? ಹೊಸಬರು ಈ ವಿಷಯವನ್ನು ಎಲ್ಲಿಂದ ಶುರು ಮಾಡಬೇಕು? ದಯವಿಟ್ಟು ಸುಲಭದಲ್ಲಿ ಹೇಳಿ.

ಮಣ್ಣಪಳ್ಳ

ಮಗಳೇ, ಟಿಕ್ ಹಾಕಲು ಕೈ ಬರಲಿಲ್ಲ ಅಂದೆಯಲ್ಲ, ಶುರು ಅಲ್ಲೇ ಆಗಿದೆ. ಉಡುಪಿ ಕಡೆಯ ಕಾಲೇಜುಗಳಲ್ಲಿ ಇಪ್ಪತ್ತಾರು ವರ್ಷ ಈ ವಿಷಯ ಕಲಿಸಿದ್ದೇನೆ. ವ್ಯಾಖ್ಯೆಯಿಂದ ಶುರು ಮಾಡಿದ ಮಕ್ಕಳಿಗಿಂತ, ಹೀಗೆ ಎಲ್ಲೋ ಒಂದು ಕಡೆ ಕೈ ತಡೆದು ನಿಂತ ಮಕ್ಕಳಿಗೇ ವಿಷಯ ಬೇಗ ಹತ್ತಿದ್ದನ್ನು ನೋಡಿದ್ದೇನೆ.

ನಿನ್ನ ಅಮ್ಮ ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ‘ಬೇಲೆ’ ಅಂದರೆ ಹೊಸ್ತಿಲು ದಾಟಿ, ಬಸ್ಸು ಹಿಡಿದು ಹೋಗುವಂಥದ್ದು. ಮನೆಯ ಜಗಲಿಯಲ್ಲಿ ಕೂತು ಮಾಡಿದ್ದು ಕೆಲಸ ಅಲ್ಲ. ಈಗ ನೀನು ಕೇಳಬೇಕಾದದ್ದು ಇಷ್ಟು: ಹಾಗಂತ ಅವರಿಗೆ ಯಾರು ಹೇಳಿಕೊಟ್ಟರು? ಯಾರೂ ಕೂರಿಸಿ ಪಾಠ ಮಾಡಿಲ್ಲ. ಆದರೂ ನಿಮ್ಮ ಓಣಿಯ ಆರು ಮನೆಯಲ್ಲಿ ಒಂದೇ ಉತ್ತರ ಬಂತು. ಒಬ್ಬರ ತಲೆಯೊಳಗೆ ಹುಟ್ಟದೆ, ಹೊರಗಿನಿಂದ ಬಂದು ಎಲ್ಲರಲ್ಲೂ ಕೂತಿರುವ, ಮೀರಿದರೆ ಯಾರಾದರೂ ‘ಇದೆಂತ’ ಅಂತ ಕೇಳುವ ಇಂಥ ಸಂಗತಿಗೆ ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ ‘ಸಾಮಾಜಿಕ ಸಂಗತಿ’ ಅಂತ ಹೆಸರಿಟ್ಟರು. 1895ರಲ್ಲಿ ಈ ಮಾತನ್ನು ವಿವರವಾಗಿ ಬರೆದರು. ಎರಡು ವರ್ಷದ ನಂತರ, 1897ರಲ್ಲಿ, ಆತ್ಮಹತ್ಯೆಯ ಬಗ್ಗೆ ಅಧ್ಯಯನ ಪ್ರಕಟಿಸಿದರು. ಅದಕ್ಕಿಂತ ಸ್ವಂತದ, ಒಂಟಿಯಾದ ನಿರ್ಧಾರ ಬೇರೊಂದಿಲ್ಲ ಅಂತ ನಮಗೆ ಅನ್ನಿಸುತ್ತದೆ ಅಲ್ವಾ? ಅವರು ದೇಶ ದೇಶದ ಅಂಕಿ ಇಟ್ಟು ನೋಡಿದರು. ಪ್ರತಿ ದೇಶದ ದರ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಹಾಗೇ ಇರುತ್ತಿತ್ತು. ಮದುವೆಯಾದವರಲ್ಲಿ ಒಂದು ದರ, ಆಗದವರಲ್ಲಿ ಇನ್ನೊಂದು. ಜನ ಬದಲಾಗುತ್ತಿದ್ದರು, ದರ ಬದಲಾಗುತ್ತಿರಲಿಲ್ಲ. ಹಾಗಾದರೆ ಕಾರಣದ ಒಂದು ಭಾಗ ಆ ಜನ ಬದುಕುವ ಗುಂಪಿನಲ್ಲಿ, ಅವರನ್ನು ಹಿಡಿದಿಡುವ ನಂಟಿನಲ್ಲಿ ಇರಬೇಕು ಅಂದರು. ಅವರ ಅಂಕಿಗಳ ಬಗ್ಗೆ ಮುಂದೆ ತುಂಬ ತಕರಾರು ಬಂತು. ಆದರೆ ಆ ರೀತಿ ಪ್ರಶ್ನೆ ಕೇಳುವುದನ್ನು ಯಾರೂ ಬಿಡಲಿಲ್ಲ.

ಇನ್ನೊಂದು ಮಾತು. ಅಮೆರಿಕದ ಸಿ. ರೈಟ್ ಮಿಲ್ಸ್ 1959ರಲ್ಲಿ ಒಂದು ಉದಾಹರಣೆ ಕೊಟ್ಟರು. ಒಂದು ಲಕ್ಷ ಜನರ ಪಟ್ಟಣದಲ್ಲಿ ಒಬ್ಬನೇ ಒಬ್ಬನಿಗೆ ಕೆಲಸ ಇಲ್ಲ ಅಂದರೆ ಆ ಮನುಷ್ಯನ ಗುಣ, ಕೌಶಲ ನೋಡೋಣ. ಆದರೆ ಐದು ಕೋಟಿ ದುಡಿಯುವವರಿರುವ ದೇಶದಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸ ಇಲ್ಲ ಅಂದರೆ? ಆಗ ಒಬ್ಬೊಬ್ಬರ ಗುಣ ನೋಡಿ ಪ್ರಯೋಜನ ಇಲ್ಲ. ಒಂದು ಮನೆಯ ಕಷ್ಟ, ಊರಿನ ಪ್ರಶ್ನೆ, ಈ ಎರಡರ ನಡುವಿನ ದಾರಿ ಕಾಣುವ ಕಣ್ಣು ಬೇಕು ಅಂತ ಅವರು ಹೇಳಿದ್ದು. ನಿನ್ನ ಅಮ್ಮನ ‘ಇಲ್ಲ’ ಒಂದು ಮನೆಯ ಮಾತು. ಆರು ‘ಇಲ್ಲ’ ಸೇರಿದರೆ ಊರಿನ ಪ್ರಶ್ನೆ.

ನೀನು ಬಾಯಿಪಾಠ ಮಾಡಿದ ಶಬ್ದಗಳನ್ನು ಈಗ ಒಂದೊಂದಾಗಿ ಜಗಲಿಗೆ ತಂದು ನೋಡು. ‘ಅಮ್ಮ’ ಅನ್ನುವುದು ಒಂದು ಅಂತಸ್ತು. ಅಮ್ಮ ಹೀಗಿರಬೇಕು ಅಂತ ಊರು ನಿರೀಕ್ಷಿಸುವುದು ಪಾತ್ರ. ಮಗಳಿಗೆ ಜ್ವರ ಬಂದ ದಿನವೇ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆಗೆ, ಬೀಡಿ ಕೊಡುವ ವಾಯಿದೆಯೂ ಇದ್ದರೆ ಆಗ ಆಗುವ ಎಳೆದಾಟ ಪಾತ್ರ ಸಂಘರ್ಷ. ಇಷ್ಟೇ. ವ್ಯಾಖ್ಯೆ ಆಮೇಲೆ ತಾನಾಗಿ ನೆನಪಿರುತ್ತದೆ.

‘ಸಂಸ್ಥೆ’ ಅನ್ನುವ ಶಬ್ದ ಸ್ವಲ್ಪ ತೊಡಕು. ಕಟ್ಟಡ, ಬೋರ್ಡು, ಅಧ್ಯಕ್ಷರು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಇಲ್ಲಿ ಸಂಸ್ಥೆ ಅಂದರೆ ತಲೆಮಾರಿನಿಂದ ನಡೆದುಬಂದ ಕಟ್ಟುಪಾಡುಗಳ ಒಂದು ಕಟ್ಟು. ಕುಟುಂಬ ಒಂದು ಸಂಸ್ಥೆ. ತುಳುನಾಡಿನಲ್ಲಿ ಅದನ್ನು ಅರ್ಥ ಮಾಡಿಕೊಳ್ಳುವುದು ಬೇರೆ ಊರಿನವರಿಗಿಂತ ನಮಗೆ ಸುಲಭ. ಯಾಕೆಂದರೆ ಇಲ್ಲಿ ಎರಡು ಮಾದರಿ ಅಕ್ಕಪಕ್ಕದ ಮನೆಯಲ್ಲೇ ಇದ್ದವು. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ. ಆಸ್ತಿ, ‘ಬರಿ’ (ಗೋತ್ರದ ಹಾಗೆ ಒಂದು ವಂಶದ ಗುರುತು), ಮನೆತನ ಎಲ್ಲ ತಾಯಿಯ ಕಡೆಯಿಂದ. ಯಜಮಾನನ ನಂತರ ಅವನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಪಕ್ಕದ ಬ್ರಾಹ್ಮಣರ ಮನೆಯಲ್ಲಿ ಅಪ್ಪನಿಂದ ಮಗನಿಗೆ. ಒಂದೇ ಮಳೆ, ಒಂದೇ ಗದ್ದೆ, ಎರಡು ಬಗೆಯ ಕುಟುಂಬ. ಹಾಗಾಗಿ ‘ಕುಟುಂಬ ಅಂದರೆ ಇಷ್ಟೇ, ಇದು ಪ್ರಕೃತಿ ನಿಯಮ’ ಅಂತ ಯಾರಾದರೂ ಹೇಳಿದರೆ ನಮ್ಮೂರಿನ ಅಜ್ಜಿಯರೇ ಒಪ್ಪುವುದಿಲ್ಲ. ಕಾನೂನು ಬಂತು. ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ, ಆಮೇಲೆ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ. ಆಸ್ತಿಯ ದಾರಿ ಬದಲಾಯಿತು. ಆದರೆ ಮದುವೆ ಮಾತುಕತೆಯಲ್ಲಿ ಇವತ್ತಿಗೂ ‘ಬರಿ’ ಯಾವುದು ಅಂತ ಕೇಳುತ್ತಾರೆ. ಸಂಸ್ಥೆಯ ಒಂದು ಭಾಗ ಹೋಗಿಯೂ ಇನ್ನೊಂದು ಭಾಗ ಹೇಗೆ ಉಳಿಯುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಬಂದರು ಓಣಿ

ಮೇಡಂ, ಮರ್ಯಾದೆಯಿಂದಲೇ ಕೇಳುತ್ತೇನೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಿಯಾದವನು. ನೀವು ಹೇಳಿದ್ದೆಲ್ಲ ನಮಗೆ ಗೊತ್ತಿರುವುದೇ ಅಲ್ವಾ? ಬೀಡಿ ಕಟ್ಟುವ ಹೆಂಗಸರ ಕಷ್ಟ ಊರಿಗೇ ಗೊತ್ತು. ಬರಿ ವಿಷಯ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಗೊತ್ತಿದ್ದದ್ದಕ್ಕೆ ಒಂದೊಂದು ಹೆಸರು ಕೊಟ್ಟರೆ ಅದು ಶಾಸ್ತ್ರ ಆಗುವುದು ಹೇಗೆ? ಮಕ್ಕಳು ಮೂರು ವರ್ಷ ಇದಕ್ಕೆ ಕೊಡಬೇಕಾ? ನನ್ನ ಮೊಮ್ಮಗಳೂ ಇದೇ ವಿಷಯ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾಳೆ, ಅದಕ್ಕೆ ಕೇಳಿದ್ದು.

ಮಣ್ಣಪಳ್ಳ

ಸರ್, ಈ ಪ್ರಶ್ನೆ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದೆ. ಉತ್ತರಕ್ಕೆ ನಮ್ಮ ಜಿಲ್ಲೆಯದೇ ಒಂದು ಅಂಕಿ ತೆಗೆದುಕೊಳ್ಳೋಣ.

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ದಕ್ಷಿಣ ಕನ್ನಡದಲ್ಲಿ 1020. ದೇಶದಲ್ಲಿ 943 ಇದ್ದಾಗ ಇಲ್ಲಿ ಹೀಗೆ ಯಾಕೆ? ಎಲ್ಲರಿಗೂ ಗೊತ್ತಿರುವ ಉತ್ತರ ಕೇಳಿನೋಡಿ. ಒಬ್ಬರು ಹೇಳುತ್ತಾರೆ, ನಮ್ಮದು ಅಳಿಯಸಂತಾನದ ನಾಡು, ಹೆಣ್ಣು ಮಗು ಅಂದರೆ ಇಲ್ಲಿ ಪ್ರೀತಿ. ಇನ್ನೊಬ್ಬರು, ಗಂಡಸರೆಲ್ಲ ಮುಂಬೈ ಹೋಟೆಲಿನಲ್ಲಿ, ಗಲ್ಫಿನಲ್ಲಿ. ಮೂರನೆಯವರು, ಹೆಂಗಸರಿಗೆ ಆಯುಷ್ಯ ಜಾಸ್ತಿ. ಮೂರೂ ಕೇಳಲು ಸರಿಯಾಗಿಯೇ ಉಂಟು. ಮೂರನ್ನೂ ನಾವು ಮದುವೆ ಮನೆಯಲ್ಲಿ ಕೂತು ತಲೆಯಾಡಿಸಿ ಒಪ್ಪಿಬಿಡುತ್ತೇವೆ. ಗೊತ್ತಿದೆ ಅಂತ ಅನ್ನಿಸುವುದರ ತೊಂದರೆಯೇ ಇದು. ಮುಂದೆ ಹುಡುಕುವುದು ನಿಂತುಹೋಗುತ್ತದೆ.

ಶಾಸ್ತ್ರ ಇಲ್ಲಿಂದ ಮುಂದೆ ಒಂದು ಹೆಜ್ಜೆ ಇಡುತ್ತದೆ. ಮೊದಲನೆಯ ಮಾತು ನಿಜವಾಗಿದ್ದರೆ ಬೇರೆ ಎಲ್ಲಿ ಏನು ಕಾಣಬೇಕು? ಚಿಕ್ಕ ಮಕ್ಕಳಲ್ಲೇ ಹುಡುಗಿಯರು ಜಾಸ್ತಿ ಇರಬೇಕು. ಗಣತಿಯಲ್ಲಿ 0-6 ವರ್ಷದವರ ಲೆಕ್ಕ ಬೇರೆಯೇ ಇದೆ. ಅಲ್ಲಿ ಉಡುಪಿಯಲ್ಲೂ 1000 ಹುಡುಗರಿಗೆ ಹುಡುಗಿಯರು 1000ಕ್ಕಿಂತ ಕಡಿಮೆ. ಅಂದರೆ 1094 ಅನ್ನುವುದು ಹುಟ್ಟಿನಲ್ಲಿ ಆದ ವ್ಯತ್ಯಾಸ ಅಲ್ಲ, ದೊಡ್ಡವರಾದ ಮೇಲೆ ಆದದ್ದು. ಎರಡನೆಯ ಮಾತು ನಿಜವಾಗಿದ್ದರೆ ದುಡಿಯುವ ವಯಸ್ಸಿನಲ್ಲಿ ಗಂಡಸರ ಕೊರತೆ ಕಾಣಬೇಕು. ಮೂರನೆಯದು ನಿಜವಾಗಿದ್ದರೆ ಅರುವತ್ತು ದಾಟಿದವರಲ್ಲಿ. ವಯಸ್ಸುವಾರು ಪಟ್ಟಿ ತೆಗೆದು ಕೂತರೆ ಯಾವುದಕ್ಕೆ ಎಷ್ಟು ಪಾಲು ಅಂತ ಹೇಳಬಹುದು. ಒಂದು ಊಹೆ ಕಟ್ಟುವುದು, ಅದು ಸುಳ್ಳಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ನಾವೇ ಹುಡುಕುವುದು. ನಮಗೆ ಇಷ್ಟವಾದ ಉತ್ತರವನ್ನೇ ಜಾಸ್ತಿ ಬಿಗಿಯಾಗಿ ಪರೀಕ್ಷಿಸುವುದು. ನನಗೆ ಆ ಮೊದಲ ಉತ್ತರ ತುಂಬ ಇಷ್ಟವಾಗಿತ್ತು ಸರ್. ಆ ಒಂದು ಸಾಲಿನ ಅಂಕಿ ನೋಡಿ ಬಿಟ್ಟುಕೊಡಬೇಕಾಯಿತು.

ಕಾಪು ದೀಪಸ್ತಂಭ

ನಾನು ಶಾಲಾ ಮೇಷ್ಟ್ರು. 2011ರ ಗಣತಿಯಲ್ಲಿ ಮನೆ ಮನೆ ಸುತ್ತಿದ್ದೇನೆ. ಪುಸ್ತಕದ ಮಾತು ಮೇಡಂ ಹೇಳಲಿ, ನಾನು ಅಂಗಳದ ಮಾತು ಹೇಳುತ್ತೇನೆ.

ತಂಗಿ, ನಿಮ್ಮ ಪ್ರಶ್ನೆಯ ಶಬ್ದವೇ ಭಾರ. ‘ಉದ್ಯೋಗ’ ಅಂದ ಕೂಡಲೇ ಜನರಿಗೆ ಸಂಬಳದ ಚೀಟಿ ನೆನಪಾಗುತ್ತದೆ. ‘ಬೇಲೆಗ್ ಪೋಪರಾ’ ಅಂದರೆ ‘ಹೋಗುವುದು’ ಅದರಲ್ಲೇ ಸೇರಿಬಿಟ್ಟಿದೆ. ಮನೆಯಲ್ಲಿ ಕೂತು ದುಡಿಯುವವರು ಇಲ್ಲ ಅನ್ನದೆ ಇನ್ನೇನು ಹೇಳುತ್ತಾರೆ? ಗಣತಿಯ ತರಬೇತಿಯಲ್ಲಿ ಹೆಂಗಸರ ಕೆಲಸದ ಬಗ್ಗೆ ಕೆದಕಿ ಕೇಳಿ ಅಂತ ಹೇಳಿದ್ದರು. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು. ಆದರೆ ಎದುರಿಗಿದ್ದವರು ಮೊದಲ ಮಾತಿಗೇ ‘ಇಲ್ಲ’ ಅಂದರೆ ಆರು ತಿಂಗಳ ಲೆಕ್ಕಕ್ಕೆ ಬರುವುದೇ ಕಷ್ಟ.

ನಾನು ಕಲಿತದ್ದು: ‘ಕೆಲಸ’ ಅನ್ನುವ ಶಬ್ದವನ್ನೇ ಬಿಡಿ. ‘ಕೋಡೆ ಕಾಂಡೆ ಲಕ್ಕ್‌ದ್ ದಾದ ಮಾತ ಮಲ್ತರ್?’ ನಿನ್ನೆ ಬೆಳಿಗ್ಗೆ ಎದ್ದು ಏನೇನು ಮಾಡಿದಿರಿ? ಅಷ್ಟು ಕೇಳಿ ಸುಮ್ನೆ ಕೂರಿ. ಸರಕಾರದ್ದೇ ಸಮಯ ಬಳಕೆ ಸಮೀಕ್ಷೆ ಅಂತ 2019ರಲ್ಲಿ ದೇಶವಿಡೀ ನಡೆಯಿತು. ಅದರಲ್ಲೂ ಹಿಂದಿನ ದಿನ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಆ ದಿನ ನಾಲ್ಕು ಗಂಟೆಯವರೆಗೆ ಏನು ಮಾಡಿದಿರಿ ಅಂತಲೇ ಕೇಳಿದ್ದು.

ಮತ್ತೆ, ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದು ದೊಡ್ಡ ವಿಷಯ. ಬೆಳಿಗ್ಗೆ ಹೋದರೆ ಗಂಜಿ, ಮಕ್ಕಳು, ಶಾಲೆ ಬಸ್ಸು. ಯಾರಿಗೂ ಪುರುಸೊತ್ತಿಲ್ಲ. ಸಂಜೆ ಹೋದರೆ ಗಂಡಸರು ಬಂದಿರುತ್ತಾರೆ, ಹೆಂಡತಿಯ ಬಗ್ಗೆ ಕೇಳಿದ್ದಕ್ಕೂ ಅವರೇ ಉತ್ತರ ಕೊಡುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಯಾರು ಉತ್ತರ ಕೊಟ್ಟರು, ಪಕ್ಕದಲ್ಲಿ ಯಾರು ಇದ್ದರು ಅಂತ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಬ್ಯಾರಿ (ಕರಾವಳಿಯ ಮುಸ್ಲಿಮರ ಒಂದು ಭಾಷೆ) ಮಾತಾಡುವ ಮನೆ ಇದ್ದರೆ ಆ ಭಾಷೆ ಬಲ್ಲ ಗೆಳತಿಯನ್ನು ಕರೆದುಕೊಂಡು ಹೋಗಿ. ಭಾಷೆ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ. ಹಾಗಾಗಿ ಮೊದಲೇ ಇಬ್ಬರೂ ಕೂತು ಒಂದೇ ಅರ್ಥ ಬರುವ ಹಾಗೆ ಮಾಡಿಕೊಳ್ಳಿ.

ಮಲ್ಪೆ ದಕ್ಕೆ

ತಂಗಿ, ನನ್ನದೂ ಒಂದು ಮಾತು. ನಾನು ಎಂಎ ಮುಗಿಸಿ ಈಗ ಬೋಟಿನ ಲೆಕ್ಕ ನೋಡಿಕೊಂಡಿದ್ದೇನೆ. ಎಂಟು ಮನೆ ಸಾಲದು ಅಂತ ಯಾರಾದರೂ ಹೇಳುತ್ತಾರೆ. ಆದರೆ ಎಷ್ಟು ಮನೆ ಅನ್ನುವುದಕ್ಕಿಂತ ಯಾವ ಮನೆ ಅನ್ನುವುದು ಮುಖ್ಯ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಒಂದು ಕೋಟಿ ಜನಕ್ಕೆ ಚೀಟಿ ಕಳಿಸಿತು. 23 ಲಕ್ಷಕ್ಕೂ ಜಾಸ್ತಿ ವಾಪಸ್ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಚೀಟಿ ಹೋಗಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ. ಕಷ್ಟದ ಕಾಲ ಅದು, ಬಡವರ ಮನೆಯಲ್ಲಿ ಫೋನು ಎಲ್ಲಿತ್ತು? ಚೀಟಿ ತುಂಬಿಸಿ ವಾಪಸ್ ಕಳಿಸುವ ಆಸಕ್ತಿಯೂ ಎಲ್ಲರಿಗೆ ಒಂದೇ ರೀತಿ ಇರುವುದಿಲ್ಲ. ಜನಮತ ಸಮೀಕ್ಷೆ ಮಾಡುತ್ತಿದ್ದ ಜಾರ್ಜ್ ಗ್ಯಾಲಪ್ ಅದಕ್ಕಿಂತ ತುಂಬ ಕಡಿಮೆ ಜನರನ್ನು ಆರಿಸಿ ಕೇಳಿ ಸರಿಯಾಗಿ ಹೇಳಿದರು.

ನಮ್ಮಲ್ಲೂ ಹಾಗೇ. ಜೂನ್, ಜುಲೈ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆಗೆ ಬಂದು ‘ಮೀನುಗಾರರ ದಿನಚರಿ’ ಅಧ್ಯಯನ ಮಾಡಿದರೆ ಬಲೆ ಹೆಣೆಯುವವರು, ಬೋಟಿಗೆ ಬಣ್ಣ ಹಚ್ಚುವವರು ಮಾತ್ರ ಸಿಗುತ್ತಾರೆ. ಹೊರ ರಾಜ್ಯದ ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ.

ಇನ್ನು, ಬದಲಾವಣೆ ಅರ್ಥ ಆಗಬೇಕಾದರೆ ಹಳಬರ ಹತ್ತಿರ ರಂಪಣಿ ಬಗ್ಗೆ ಕೇಳಿ. ನನ್ನ ಅಜ್ಜ ರಂಪಣಿ ಎಳೆದವರು. ದೊಡ್ಡ ಬಲೆ, ದಡದಿಂದ ಎಳೆಯಲು ಜನವೋ ಜನ. ಸಿಕ್ಕಿದ್ದರಲ್ಲಿ ಪಾಲು. ಊರೇ ಒಂದು ಬಲೆಗೆ ಸೇರಿದ ಹಾಗೆ ಇತ್ತು ಅಂತ ಅಜ್ಜ ಹೇಳುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟು ಬಂತು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯುವುದು. ಜನ ಕಡಿಮೆ ಸಾಕು, ಬಂಡವಾಳ ಜಾಸ್ತಿ ಬೇಕು. ಕೆಲವರು ಬೋಟಿನ ಮಾಲೀಕರಾದರು, ಕೆಲವರು ಅದೇ ಬೋಟಿನ ಕೆಲಸದವರಾದರು. ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಜನರ ನಡುವಿನ ಸಂಬಂಧ ನಿಲ್ಲುತ್ತದೆ ಅಂತ ಮಾರ್ಕ್ಸ್ ಹೇಳಿದ್ದನ್ನು ನಾನು ಕ್ಲಾಸಿನಲ್ಲಿ ಕೇಳಿದಾಗ ನನಗೆ ಕಂಡದ್ದು ಅಜ್ಜ ಮತ್ತು ಆ ಬಲೆ. ಎಲ್ಲವನ್ನೂ ಅದೊಂದರಿಂದಲೇ ವಿವರಿಸಲು ಹೋಗಬಾರದು, ಅದೂ ನಿಜ. ಯಾರು ಮಾಲೀಕರಾದರು ಅನ್ನುವುದರಲ್ಲಿ ಸಹಕಾರಿ ಸಂಘ, ಸಾಲ, ಸಂಬಂಧಿಕರು ಎಲ್ಲ ಸೇರುತ್ತಾರೆ.

ನೇತ್ರಾವತಿ ದಡ

ಇಷ್ಟು ಬರೆದದ್ದಕ್ಕೆ ತುಂಬ ಧನ್ಯವಾದ. ‘ಯಾವ ಮನೆ’ ಅಂತ ಅಣ್ಣ ಕೇಳಿದ್ದು ನೋಡಿ ನನ್ನ ಪಟ್ಟಿ ತೆಗೆದು ನೋಡಿದೆ. ಎಂಟೂ ಮನೆ ನಮ್ಮ ಪರಿಚಯದವರದ್ದು. ಎಂಟರಲ್ಲಿ ಏಳು ನಮ್ಮ ಜಾತಿಯವರದ್ದೇ. ಗುಡ್ಡೆಯ ಮೇಲಿನ ಕಾಲೊನಿಗೆ ನಾನು ಹೋಗಲೇ ಇಲ್ಲ. ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ. ನನಗೇ ಹೊಳೆಯಲಿಲ್ಲ. ಬೇಜಾರಾಯಿತು.

ಇನ್ನೊಂದು ಪ್ರಶ್ನೆ. ಲೆಕ್ಕ ಹಾಕುವ ಅಧ್ಯಯನ ಒಳ್ಳೆಯದಾ, ಮಾತಾಡಿಸಿ ಬರೆಯುವುದಾ?

ಮಣ್ಣಪಳ್ಳ

ಹೊಳೆಯಲಿಲ್ಲ ಅಂದದ್ದನ್ನು ಹಾಗೆಯೇ ನಿನ್ನ ವರದಿಯಲ್ಲಿ ಬರೆ ಮಗಳೇ. ಮುಚ್ಚಿಡಬೇಡ. ಯಾರ ಮನೆ ನೆನಪಾಗುತ್ತದೆ, ಯಾರದ್ದು ಆಗುವುದಿಲ್ಲ ಅನ್ನುವುದರಲ್ಲೇ ಜಾತಿ ಕೆಲಸ ಮಾಡುತ್ತದೆ. ಬೈಗುಳ, ಜಗಳ ಏನೂ ಬೇಡ ಅದಕ್ಕೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂದರೆ, ನಿನ್ನ ಪ್ರಶ್ನೆ ಯಾವುದು ಅಂತ ನಾನು ವಾಪಸ್ ಕೇಳುತ್ತೇನೆ. ಎಷ್ಟು ಜನ, ಎಷ್ಟು ಗಂಟೆ, ಯಾವ ವಯಸ್ಸು ಅಂತಾದರೆ ಎಣಿಸಲೇಬೇಕು. ಅಮ್ಮ ಅದನ್ನು ಕೆಲಸ ಅಂತ ಯಾಕೆ ಕರೆಯುವುದಿಲ್ಲ ಅಂತಾದರೆ ಎಣಿಸಿ ಸಿಗುವುದಿಲ್ಲ, ಹತ್ತಿರ ಕೂತು ಕೇಳಬೇಕು. ಜರ್ಮನಿಯ ಮ್ಯಾಕ್ಸ್ ವೇಬರ್ ಒತ್ತಿ ಹೇಳಿದ್ದು ಇದನ್ನೇ: ಮನುಷ್ಯರು ಮಾಡುವುದಕ್ಕೆ ಅವರದೇ ಅರ್ಥ ಒಂದಿರುತ್ತದೆ, ಅದನ್ನು ಅವರ ಜಾಗದಲ್ಲಿ ನಿಂತು ತಿಳಿಯಬೇಕು. ಕಲ್ಲು ಯಾಕೆ ಬಿತ್ತು ಅಂತ ಕಲ್ಲನ್ನು ಕೇಳಲಾಗುವುದಿಲ್ಲ. ಅಮ್ಮನನ್ನು ಕೇಳಬಹುದು.

ಹತ್ತಿರ ಕೂತು ನೋಡುವುದರಲ್ಲಿ ನಮ್ಮವರೇ ದೊಡ್ಡ ಹೆಸರು, ಮೈಸೂರಿನ ಎಂ.ಎನ್. ಶ್ರೀನಿವಾಸ್. ಸಂಸ್ಕೃತೀಕರಣ (ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದು), ಪ್ರಬಲ ಜಾತಿ (ಊರಿನಲ್ಲಿ ಜನ, ಜಮೀನು, ಅಧಿಕಾರ ಇರುವ ಜಾತಿ) ಅನ್ನುವ ಶಬ್ದಗಳನ್ನು ನೀನು ಓದಿರುತ್ತಿ, ಅವರು ಕೊಟ್ಟದ್ದು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಉಳಿದರು. 1970ರಲ್ಲಿ ಅಮೆರಿಕದಲ್ಲಿ ಅವರು ಬರೆಯುತ್ತಿದ್ದ ಕಡೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಜೋಡಿಸಿದ್ದ ಟಿಪ್ಪಣಿಯ ಮೂರೂ ಪ್ರತಿ ಸುಟ್ಟುಹೋಯಿತು. ಮುಂದೆ ಹೆಚ್ಚಾಗಿ ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಂಪುರ, ಅದು ನಿಜವಾದ ಹೆಸರಲ್ಲ. ತಾನು ಬ್ರಾಹ್ಮಣ, ಪಟೇಲರ ಆಶ್ರಯದಲ್ಲಿ ಉಳಿದವನು, ಹಾಗಾಗಿ ಎಲ್ಲರ ಮನೆಯೊಳಗೂ ಒಂದೇ ರೀತಿ ಹೋಗಲು ಆಗಲಿಲ್ಲ ಅನ್ನುವುದನ್ನೂ ಅವರು ಮರೆಮಾಡಲಿಲ್ಲ. ಅಷ್ಟು ದೊಡ್ಡವರಿಗೇ ಅದು ಎದುರಾಯಿತು. ನಿನ್ನ ಎಂಟು ಮನೆಗೆ ಬೇಜಾರು ಮಾಡಿಕೊಳ್ಳಬೇಡ, ಗುಡ್ಡೆ ಹತ್ತು.

ಒಂದು ಎಚ್ಚರ. ಯಾರ ಹೆಸರೂ, ಮನೆ ನಂಬರೂ ಬರೆಯಬೇಡ. ಬೀಡಿ ಲೆಕ್ಕ ಬರೆಯುವ ಪಾಸ್‌ಬುಕ್ಕಿನ ಫೋಟೊ ತೆಗೆಯಬೇಡ. ಅವರು ನಂಬಿ ಹೇಳಿದ ಮಾತು ಬ್ರಾಂಚಿನವರ ಕಿವಿಗೆ ಹೋದರೆ ಅವರ ಅನ್ನಕ್ಕೆ ತೊಂದರೆ. ಮೊದಲೇ ಹೇಳು: ಇದು ಕಾಲೇಜಿನ ಅಧ್ಯಯನ, ಇಷ್ಟ ಇಲ್ಲದಿದ್ದರೆ ಉತ್ತರ ಬೇಡ, ನಡುವಲ್ಲಿ ಬೇಕಾದರೂ ನಿಲ್ಲಿಸಬಹುದು. ಅವರು ಬೇಡ ಅಂದರೆ ನಮಸ್ಕಾರ ಮಾಡಿ ಎದ್ದು ಬಾ.

ಬಂದರು ಓಣಿ

ಮೇಡಂ, 0-6 ವಯಸ್ಸಿನ ಮಾತು ಓದಿ ಎರಡು ದಿನ ಯೋಚಿಸಿದೆ. ನಾನೂ ಆ ಮೊದಲ ಉತ್ತರವನ್ನೇ ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ನನ್ನ ಕ್ಷೇತ್ರದಿಂದ ಒಂದು ಕೇಳಲಾ? ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ. ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಿದ್ದರು. ಬಡವರು ಆ ಏಜೆಂಟನ ಮುಖ ನೋಡಿ ದುಡ್ಡು ಕೊಟ್ಟದ್ದು, ಬ್ಯಾಂಕಿನ ಲೆಕ್ಕಪತ್ರ ನೋಡಿ ಅಲ್ಲ. ಇಂಥ ನಂಬಿಕೆಯ ಬಗ್ಗೆ ನಿಮ್ಮ ಶಾಸ್ತ್ರದಲ್ಲಿ ಏನಾದರೂ ಉಂಟಾ?

ಮಣ್ಣಪಳ್ಳ

ಉಂಟು ಸರ್, ಅದೂ ಬ್ಯಾಂಕಿನದೇ ಉದಾಹರಣೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬರೆದದ್ದು. ಗಟ್ಟಿಯಾಗಿರುವ ಬ್ಯಾಂಕು ಮುಳುಗುತ್ತದೆ ಅಂತ ಒಂದು ಸುಳ್ಳು ಸುದ್ದಿ ಹಬ್ಬುತ್ತದೆ. ಎಲ್ಲರೂ ಓಡಿಬಂದು ದುಡ್ಡು ವಾಪಸ್ ಕೇಳುತ್ತಾರೆ. ಬ್ಯಾಂಕು ನಿಜವಾಗಿಯೇ ಮುಳುಗುತ್ತದೆ. ಜನ ನಿಜ ಅಂತ ನಂಬಿದ್ದು, ನಂಬಿದ ಕಾರಣಕ್ಕೇ ನಿಜವಾಯಿತು. ನಿಮ್ಮ ಪಿಗ್ಮಿಯ ಕತೆ ಅದರ ಒಳ್ಳೆಯ ಮುಖ. ಏಜೆಂಟರ ಮುಖದ ಮೇಲಿನ ನಂಬಿಕೆ ಹೇಗೆ ಕಟ್ಟಡದ ಮೇಲಿನ ನಂಬಿಕೆಯಾಯಿತು ಅಂತ ನೀವೇ ಬರೆಯಬೇಕು ಸರ್. ಹಳೆಯ ಏಜೆಂಟರು ಕೆಲವರಾದರೂ ಇದ್ದಾರೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿ ಮಾತಾಡಿಸಿ.

ನೇತ್ರಾವತಿ ದಡ

ಹದಿನೆಂಟು ದಿನದ ನಂತರ ಬಂದೆ. ಒಟ್ಟು ಇಪ್ಪತ್ತನಾಲ್ಕು ಮನೆ. ಈ ಸಲ ವಾರ್ಡಿನ ಮನೆ ಪಟ್ಟಿ ಬರೆದು, ಪ್ರತಿ ಐದನೆಯ ಮನೆ ಅಂತ ಆರಿಸಿದೆ. ಕಾಲೊನಿಯಲ್ಲಿ ಆರು ಮನೆ ಬಂತು. ಎರಡು ಕಡೆ ಬೇಡ ಅಂದರು, ಒಂದು ಕಡೆ ಬಾಗಿಲು ಹಾಕಿದರು. ಮೂರನ್ನೂ ಹಾಗೇ ಬರೆದುಕೊಂಡಿದ್ದೇನೆ.

‘ನಿನ್ನೆ ಏನೇನು ಮಾಡಿದಿರಿ’ ಅಂತ ಕೇಳಿದ್ದಕ್ಕೆ ಮಾತು ಬೇರೆಯೇ ಆಯಿತು. ಮೊದಲು ‘ಎಂತ ಇಲ್ಲ’ ಅಂದ ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಹದಿಮೂರು ಮನೆಯಲ್ಲಿ ಬೀಡಿ ಉಂಟು. ಅದರಲ್ಲಿ ನಾಲ್ಕು ಕಡೆ ಪಾಸ್‌ಬುಕ್ಕು ಅತ್ತೆಯ ಹೆಸರಿನಲ್ಲಿದೆ, ಕಟ್ಟುವುದು ಸೊಸೆ. ಬೀಡಿ ಕಾರ್ಮಿಕರಿಗೆ 1966ರಲ್ಲೇ ಕಾನೂನು ಬಂತು, ಪಿಎಫ್ ಉಂಟು ಅಂತ ನಾನು ಓದಿಕೊಂಡು ಹೋಗಿದ್ದೆ. ಆದರೆ ಆ ನಾಲ್ವರು ಸೊಸೆಯಂದಿರು ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬರು ‘ಅದು ಟೈಂಪಾಸಿಗೆ’ ಅಂದರು. ಅವರು ಹಿಂದಿನ ದಿನ ಆರು ಗಂಟೆ ಕಟ್ಟಿದ್ದರು. ಕಾಲೊನಿಯಲ್ಲಿ ಮಾತ್ರ ಮೂವರು ನೇರವಾಗಿ ‘ಹೌದು, ಕೆಲಸ ಮಾಡುತ್ತೇನೆ’ ಅಂದರು. ಮೂವರೂ ತೋಟದ ಕೂಲಿಗೂ ಹೋಗುವವರು. ಇದು ಯಾಕೆ ಅಂತ ನನಗೆ ಗೊತ್ತಿಲ್ಲ. ಮೂರು ಜನರ ಮೇಲೆ ದೊಡ್ಡ ಮಾತು ಹೇಳಬಾರದು ಅಂತ ಗೊತ್ತು.

ನನ್ನ ವಿಷಯದ ಹೆಸರನ್ನೇ ಬದಲಾಯಿಸಿದೆ ಮೇಡಂ. ‘ನಮ್ಮೂರಿನ ಮಹಿಳೆಯರ ಉದ್ಯೋಗ’ ಅಂತ ಇದ್ದದ್ದು ಈಗ ‘ಯಾವ ದುಡಿಮೆಯನ್ನು ಯಾರು ಕೆಲಸ ಅಂತ ಕರೆಯುತ್ತಾರೆ’ ಅಂತ ಆಗಿದೆ. ಒಂದೇ ಸಂಶಯ. ಅಮ್ಮನ ಹಾಳೆಯಲ್ಲಿ ಏನು ಬರೆಯಲಿ? ಅವರು ಇಲ್ಲ ಅಂದದ್ದಾ, ಏಳು ಗಂಟೆ ಕಟ್ಟಿದ್ದಾ?

ಮಣ್ಣಪಳ್ಳ

ಎರಡೂ ಬರೆ. ಪಕ್ಕ ಪಕ್ಕ ಎರಡು ಕಾಲಂ ಹಾಕು. ಒಂದರಲ್ಲಿ ಅವರ ಮಾತು, ಇನ್ನೊಂದರಲ್ಲಿ ಗಂಟೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಹಕ್ಕು ನಮಗಿಲ್ಲ. ಬರೆದ ಮೇಲೆ ಅಮ್ಮನಿಗೆ ಓದಿ ಹೇಳು.

ನೇತ್ರಾವತಿ ದಡ

ನಿನ್ನೆ ರಾತ್ರಿ ಓದಿ ಹೇಳಿದೆ. ಅಮ್ಮ ಬೀಡಿ ಕಟ್ಟುವುದು ನಿಲ್ಲಿಸದೆ ಕೇಳಿದರು. ಕೊನೆಗೆ ‘ಎಲೆ ನೆನೆಸಿ ಕತ್ತರಿಸಿದ್ದು ಎಲ್ಲಿ ಹೋಯಿತು? ಊಟ ಆದ ಮೇಲೆ ಅದೇ ಅಲ್ವಾ ನಾನು ಮಾಡುವುದು?’ ಅಂದರು. ನಾನು ಅದನ್ನು ಎಣಿಸಿರಲೇ ಇಲ್ಲ. ಒಂದೂವರೆ ಗಂಟೆ ಸೇರಿಸಿದೆ. ಇವತ್ತು ಮಧ್ಯಾಹ್ನ ಮೂರರ ಮೇಲೆ ಉಳಿದ ಹನ್ನೆರಡು ಬೀಡಿ ಮನೆಗಳಿಗೂ ಎಲೆಯ ಲೆಕ್ಕ ಕೇಳಲು ಮತ್ತೆ ಹೋಗುತ್ತಿದ್ದೇನೆ.